ಕಾರ್ಡ್ ಕಂಪನಿಯ ತಪಾಸಣೆ

ತಪಾಸಣೆ ಮಾಡದೆ ಯಾವುದನ್ನೂ ನಂಬುವವನಲ್ಲ ನಾನು. ಹೆಡ್‌ಮೇಷ್ಟ್ರಾಗಿ ನಿವೃತ್ತನಾದ ಮೇಲೂ ಬೆಳಗ್ಗೆ ಹಾಲಿಗೆ ಬೆರಳು ಅದ್ದಿ ನೋಡಿಯೇ ಪಾತ್ರೆ ಒಡ್ಡುತ್ತಿದ್ದೆ. ಹಾಲಿನವನು ಇದಕ್ಕೆ ಒಗ್ಗಿಹೋಗಿದ್ದ. ನನ್ನ ಹೆಂಡತಿ ಗಿರಿಜಾ ಇನ್ನೂ ಒಗ್ಗುತ್ತಿದ್ದಳು.

ಎಂಬತ್ತರ ದಶಕದ ಕೊನೆಯಲ್ಲೊಮ್ಮೆ, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಅವಳ ತಮ್ಮ ರುದ್ರೇಶ ಚನ್ನಗಿರಿಗೆ ಬಂದು, ಜೇಬಿನಿಂದ ಒಂದು ಪ್ಲಾಸ್ಟಿಕ್ ಕಾರ್ಡ್ ತೆಗೆದು ತೋರಿಸಿದ. "ಇದನ್ನ ತೋರ್ಸಿದ್ರೆ ಅಂಗಡಿಯೋರು ಸಾಮಾನು ಕೊಡ್ತಾರೆ ಭಾವ. ಅವರಿಗೆ ದುಡ್ಡು ಕಂಪನಿ ಕೊಡ್ತೈತೆ, ನಾವು ಆಮೇಲೆ ಕಂಪನಿಗೆ ಕಟ್ಟಿದ್ರಾತು. ಈಗ ಆ ಕಂಪನಿ ಷೇರು ಬಿಡ್ತೈತೆ, ತಗೊಳ್ರಿ." ಮನೆಯಲ್ಲಿದ್ದದ್ದು ಗಿರಿಜಾ ಮಿಕ್ಸಿಗೆಂದು ಕೂಡಿಟ್ಟ ಹಣವೊಂದೇ. ಒರಳಿನಲ್ಲಿ ರುಬ್ಬಿ ರುಬ್ಬಿ ಅವಳ ತೋಳು ಸೋತಿತ್ತು. ಅವಳು ನನ್ನನ್ನೇ ನೋಡಿದಳು.

ಅವನ ಕಾರ್ಡ್ ಹಿಡಿದು ನಾನು ತಪಾಸಣೆಗೆ ಹೊರಟೆ. ಬಟ್ಟೆ ಅಂಗಡಿಯ ಖಾದರ್ ಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದ್ರಾಗೆ ಕಂಪನಿಗೆ ಏನು ಲಾಭ ಮೇಷ್ಟ್ರೇ?" ಅಂದರು. ಅಂಗಡಿಯವರೇ ಕಮಿಷನ್ ಬಿಡಬೇಕಂತೆ ಎಂದೆ.

"ಅಲ್ರೀ, ನಿಮ್ಮ ಮದುವೆ ಪಂಚೆ ಕೊಟ್ಟೋರು ನಮ್ಮ ಅಬ್ಬಾ. ನಿಮ್ಮನ್ನ ನನಗೆ ಪರಿಚಯ ಮಾಡ್ಸಾಕೆ ಈ ಕಂಪನಿಗೆ ಕಮಿಷನ್ನಾ? ನಿಮ್ಮ ಮುಖ ಐತಲ್ಲ, ಸಾಕು. ಏನು ಬೇಕೋ ತಗೊಂಡು ಹೋಗ್ರಿ!"

ಹೋಟೆಲಿನವರೂ ಕಿರಾಣಿಯವರೂ ಅದನ್ನೇ ಹೇಳಿದರು. ಸಂಜೆ ನನ್ನ ತೀರ್ಪು ಹೊರಬಿತ್ತು: ಈ ಕಂಪನಿಗೆ ಭವಿಷ್ಯವಿಲ್ಲ. ರುದ್ರೇಶ ಸಪ್ಪಗಾದ. ಗಿರಿಜಾ ಅಂದು ಪಾಯಸ ಮಾಡಿದಳು.

ಕೆಲವು ತಿಂಗಳ ಮೇಲೆ ಅವನ ಮಗುವಿನ ನಾಮಕರಣಕ್ಕೆ ಬೆಂಗಳೂರಿಗೆ ಹೋದಾಗ, ಮಿಕ್ಸಿಯನ್ನೂ ಅಲ್ಲೇ ಕೊಳ್ಳುವುದೆಂದಾಯಿತು. ಅಂಗಡಿಯಲ್ಲಿ ಗಿರಿಜಾ ಒಂದನ್ನು ಆರಿಸಿ, ಬೇರೆಯವರು ಒಯ್ದಾರೆಂಬಂತೆ ಅದರ ಮೇಲೆ ಕೈಯಿಟ್ಟು ನಿಂತಳು. ನಾನು ಒಳಜೇಬಿಗೆ ಕೈ ಹಾಕಿದೆ. ಖಾಲಿ. ಹೊರಡುವಾಗ ಬೀರುವಿಗೆ ಬೀಗ ಹಾಕಿ, ಎಳೆದು ನೋಡಿ, ಬಾಗಿಲವರೆಗೆ ಬಂದವನು ಹಿಂದಿರುಗಿ ಮತ್ತೊಮ್ಮೆ ಎಳೆದು ನೋಡಿದ್ದೆ. ಅದರೊಳಗಿನ ಹಣವನ್ನು ತೆಗೆದುಕೊಳ್ಳುವುದೊಂದು ಬಿಟ್ಟುಹೋಗಿತ್ತು.

"ನಾನು ಚನ್ನಗಿರಿಯ ಹೆಡ್‌ಮೇಷ್ಟ್ರು. ಊರು ತಲುಪಿದ ಕೂಡಲೇ ಹಣ ಕಳಿಸ್ತೀನಿ," ಎಂದು ನನ್ನ ಮುಖವನ್ನು ಆದಷ್ಟು ಬೆಳಕಿಗೆ ಹಿಡಿದೆ.

"ಚನ್ನಗಿರಿ ಎಲ್ಲಿ ಬರುತ್ತೆ ಸಾರ್?" ಎಂದ ಅಂಗಡಿಯವನು.

ಗಿರಿಜಾಳ ಕೈ ಮಿಕ್ಸಿಯಿಂದ ಮೆಲ್ಲಗೆ ಜಾರಿತು. ರುದ್ರೇಶ ಕಾರ್ಡ್ ತೆಗೆದುಕೊಟ್ಟ. ಅಂಗಡಿಯವನು ಅವನ ಮುಖವನ್ನು ನೋಡಲೂ ಇಲ್ಲ.

ವಾಪಸಾಗುವಾಗ ಬಸ್ಸಿನಲ್ಲಿ ಮಿಕ್ಸಿಯ ಡಬ್ಬ ನನ್ನ ತೊಡೆಯ ಮೇಲಿತ್ತು. ಗಿರಿಜಾ, "ಹೋಗ್ಲಿ ಬಿಡ್ರಿ, ಆ ಕಂಪನಿ ಮುಳುಗೋದ್ರೊಳಗೆ ನಮ್ಮ ಮಿಕ್ಸಿ ಬಂತಲ್ಲ," ಎಂದಳು.

ನಾನು ಡಬ್ಬಕ್ಕೆ ಕಟ್ಟಿದ್ದ ದಾರ ಬಿಗಿಯಾಗಿದೆಯೇ ಎಂದು ಎಳೆದು ನೋಡಿದೆ.