ಬ್ಯಾಂಡೇಜಿಗೆ ಮಗ್ಗದ ಗಂಟು

ಬಿ.ಎ. ಪಾಸಾದ ಇಳಕಲ್ಲಿನ ನೇಕಾರನ ಮಗ ಬಾಗಲಕೋಟೆಯ ದವಾಖಾನೆಗೆ ಹೋಗಿ ಏನಾಗಿ ಹೊರಬಂದ, ಹೇಳ್ರಿ ನೋಡೋಣ? ರೋಗಿ? ಅಲ್ಲ. ಗುಮಾಸ್ತ? ಅದೂ ಅಲ್ಲ. ನರ್ಸ್! ನಗಬೇಡ್ರಿ, ಊರು ಆಗಲೇ ನಕ್ಕು ಮುಗಿಸಿದೆ. ಆ ಮಗ ನಾನೇ; ಇಂಥ ನಗೆಪಾಟಲಿನ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವು.

೧

ಅಪ್ಪ ಕಾಲಿಗೆ ಗಾಯವಾಗಿ ವಾರ್ಡಿನಲ್ಲಿದ್ದ. ಸಿಸ್ಟರ್ ಕಟ್ಟಿದ ಬ್ಯಾಂಡೇಜ್ ನೋಡಿ, "ಇದೂ ಒಂದು ಗಂಟೇನ್ರಿ ಅಕ್ಕಾರ? ಮಗ್ಗದಾಗ ಇಂಥಾ ಗಂಟು ಹಾಕಿದ್ರ ಸೀರಿ ಪ್ಯಾಟಿ ಮುಟ್ಟೂದ್ರಾಗ ಎಳಿ ಎಳಿ ಆಗಿರ್ತೈತಿ," ಎಂದು ನನಗೆ ಕಣ್ಸನ್ನೆ ಮಾಡಿದ. ನಾನು ಬಿಚ್ಚಿ, ಹರಿದ ಎಳೆಗೆ ಹಾಕುವ ಗಂಟನ್ನೇ ಹಾಕಿದೆ. ಮರುದಿನ ಅದನ್ನು ಬಿಚ್ಚಲು ಹೋಗಿ ಸಿಸ್ಟರ್ ಉಗುರು ಮುರಿದುಕೊಂಡು, ಕೊನೆಗೆ ಕತ್ತರಿ ತಂದರು.

"ನಿನ್ನ ಗಂಟು ಸುಡು! ಆದ್ರ ಕೈ ಭಾಳ ಹಗೂರ ಐತಿ. ನರ್ಸಿಂಗ್ ಕಲೀತಿಯೇನು?"

ಆ ಕೆಲಸ ಗಂಡಸರಿಗೂ ಉಂಟೆಂದು ಗೊತ್ತಾದದ್ದೇ ಆಗ. ಅವತ್ತೇ ಅರ್ಜಿ ಬರೆದೆ.

ಅಪ್ಪ ಕಿಡಿಕಿಡಿಯಾದ: "ಬಿ.ಎ. ಓದಿಸಿದ್ದು ಮಂದಿ ಹೇಲು ಬಾಚಾಕೇನಲೇ? ಊರಾಗ ಮುಖ ಹೆಂಗ ತೋರಿಸಲಿ?"

"ಮೊದಲು ಕಾಲು ತೋರಿಸಪಾ, ಬ್ಯಾಂಡೇಜ್ ಬದಲಿಸೂದೈತಿ," ಅಂದೆ.

೨

ತರಬೇತಿ ಮುಗಿಸಿ ಹುನಗುಂದದಲ್ಲಿ ಕೆಲಸಕ್ಕೆ ಸೇರಿದ ವಾರ. ಸೂಜಿ ಹಿಡಿದು ಹೋದರೆ ಹಾಸಿಗೆಯ ಮುದುಕ ಕೇಳಿದ:

"ನರ್ಸ್ ಅಕ್ಕಾರು ಎಲ್ಲಿ?"

"ನಾನ ನರ್ಸ್ ಅದೀನ್ರಿ ಅಜ್ಜಾರ."

ಮುದುಕ ತಡೆದು ಯೋಚಿಸಿದ. "ಹಂಗಾರ ಇಲ್ಲೆ ಡಾಕ್ಟರು ಹೆಣ್ಮಗಳು ಅನ್ನು!"

ಅಷ್ಟರಲ್ಲಿ ಗಿರಿಜಾ ಮೀಸೆಯ ಡಾಕ್ಟರು ಒಳಬಂದರು. ಮುದುಕ ಆ ಮೀಸೆಯನ್ನೇ ದಿಟ್ಟಿಸಿ, ನನ್ನ ಕಿವಿಯಲ್ಲಿ, "ಇವ ಅಡಗಿ ಮಾಡಾವನೇನು?" ಎಂದ.

೩

ಅಪ್ಪ ಮಾತ್ರ ನನ್ನ ಕೆಲಸದ ಹೆಸರನ್ನು ಬಾಯಿಗೇ ತರುತ್ತಿರಲಿಲ್ಲ. ಗುಳೇದಗುಡ್ಡಕ್ಕೆ ಕನ್ಯೆ ನೋಡಲು ಹೋದಾಗ "ಮಗ ಡಾಕ್ಟರ್" ಎಂದೇ ಬಿಟ್ಟಿದ್ದ. ಪಂಚಮಿ ಹಬ್ಬದ ಶೇಂಗಾ ಉಂಡಿ ಬರುವ ಮೊದಲೇ, ಡಾಕ್ಟರು ಪರೀಕ್ಷಿಸಲಿ ಎಂದು ನನ್ನೆದುರು ಏಳು ನಾಲಗೆ ಹೊರಬಂದವು. ಹುಡುಗಿಯ ಅಜ್ಜಿ ಹುಣ್ಣಾದ ಕಾಲನ್ನೇ ಮುಂದಿಟ್ಟಳು. ಬಿಸಿನೀರು, ಒಗೆದ ಧೋತರದ ತುಂಡು ತರಿಸಿ, ಹುಣ್ಣು ತೊಳೆದು, ಅದೇ ಮಗ್ಗದ ಗಂಟು ಹಾಕಿ ಕಟ್ಟಿದೆ. ಹುಡುಗಿ ಮನಸ್ಸಿಗೆ ಬಂದಿದ್ದಳು. ಸುಳ್ಳು ಹೇಳಿ ಕಟ್ಟಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ.

"ನಾ ಡಾಕ್ಟರ್ ಅಲ್ರಿ. ನರ್ಸ್."

ಹುಡುಗಿಯ ಅಪ್ಪ ಎದ್ದು ನಿಂತ: "ಹಂಗಾರ ಇನ್ನ ಏಳ್ರಿ."

"ಕುಂಡ್ರಲೇ!" ಅಜ್ಜಿ ಮಗನನ್ನು ಗದರಿದಳು. "ಮೂರು ಡಾಕ್ಟರು ದೂರ ನಿಂತು ಚೀಟಿ ಬರದ್ರು. ಕಾಲು ಮುಟ್ಟಿದಾವ ಇವನೊಬ್ಬನ. ಮೊಮ್ಮಗಳು ಒಲ್ಲೆ ಅಂದ್ರ ನಾನ ಮಾಡ್ಕೋತೇನಿ!"

ಬಾಗಿಲ ಹಿಂದೆ ಹುಡುಗಿ ಕಿಸಕ್ಕನೆ ನಕ್ಕಳು. ನನ್ನಪ್ಪ ನಗಲಿಲ್ಲ. ಬಗ್ಗಿ, ಅಜ್ಜಿಯ ಕಾಲಿನ ಕಟ್ಟನ್ನು ಎಳೆದು ನೋಡಿ, ಎದೆಯುಬ್ಬಿಸಿದ:

"ನೋಡ್ರಿ ಬೀಗರ, ಬಿಚ್ಚೂದಿಲ್ಲ! ಗಂಟು ನಾ ಕಲಿಸಿದ್ದು. ನನ್ನ ಮಗ ನರ್ಸ್ ಅದಾನ್ರಿ, ನರ್ಸ್!"

ಅಪ್ಪನ ಬಾಯಿಂದ ಆ ಮಾತು ಬಿದ್ದದ್ದು ಎಪ್ಪತ್ತೊಂಬತ್ತರ ನಾಗರ ಪಂಚಮಿಯ ಮರುದಿನ.