ಅರಿಶಿನ ಅಂಟದ ಕಾರ್ಡು

ಮದ್ದೂರಿನಲ್ಲಿ ಕೂತು, ಮೊಬೈಲಿಗೆ ಶುಭಾಶಯ, ಆಮಂತ್ರಣದ ಕಾರ್ಡು ಕಳಿಸುವ ವೆಬ್‌ಸೈಟು ಮಾಡಿದ ನನಗೆ ಬೈಗುಳಕ್ಕೆ ಬರವಿಲ್ಲ. ಯಾರಿಗೆ ಕಳಿಸುತ್ತೇವೋ ಅವರನ್ನೇ ಹೆಸರು, ಸಂಬಂಧ ಹಿಡಿದು ಕೂಗಿ ಕರೆದ ಹಾಗೆ ಕಾರ್ಡು ಬರುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಅಷ್ಟರಲ್ಲಿ ನನ್ನ ಮದುವೆಯೂ ಗೊತ್ತಾಯಿತು. ಎಲ್ಲರನ್ನೂ ಇದರಲ್ಲೇ ಕರೆಯುವುದು ಅಂತ ನನ್ನ ಹಠ.

"ನಿಮ್ ಸೋದರ್ಮಾವ ಇದ್ಕೆಲ್ಲ ಬಗ್ಗೋನಲ್ಲ ಕಣೆ. ಅವ್ನು ಬರ್ದಿದ್ರೆ ನಿನ್ನ ಮಂಟಪಕ್ಕೆ ಯಾರೇ ಕರ್ಕೊಂಡ್ ಓಗೋರು?" ಅಂತ ಅವ್ವ ದಿನಾ ರಾಗ ತೆಗೆಯುತ್ತಿದ್ದಳು.

ಬರುತ್ತಾನೆ ಬಿಡವ್ವ, ಸುಮ್ಮನಿರು ಅಂದೆ.

ನಾಲ್ಕು ಮೂಲೆ

ಬೆಸಗರಹಳ್ಳಿಯ ಯಜಮಾನರೊಬ್ಬರು ಗೃಹಪ್ರವೇಶದ ಕಾರ್ಡು ಮಾಡಿಸಲು ಬಂದರು. ನೋಡಿದವರೇ ಮುಖ ಗಂಟು ಹಾಕಿಕೊಂಡರು.

"ನಾಕ್ ಮೂಲೆಗೂ ಅರಿಸಿನ ಎಲ್ಲವ್ವ? ಇಂಗೇ ಕಳಿಸುದ್ರೆ ತಿಥಿ ಕಾರ್ಡು ಅನ್ಕತಾರೆ."

ಮಾತು ಸರಿಯೇ. ಕೂತು ನಾಲ್ಕು ಮೂಲೆಗೂ ಹಳದಿ ಬಳಿದು ಕೊಟ್ಟೆ. ಅವರು ಪರದೆಯ ಮೇಲೆ ಬೆರಳು ಉಜ್ಜಿದರು, ಬೆರಳು ನೋಡಿಕೊಂಡರು, ಮೂಸಿಯೂ ನೋಡಿದರು.

"ಬಣ್ಣ ಏನೋ ಸರಿ. ಕೈಗೆ ಅಂಟ್ತಿಲ್ವಲ್ಲ. ಕಲಬೆರಕೆ ಅರಿಸಿನ ಆಕಿದ್ದೀಯೇನವ್ವ?"

ಜಗಲಿ ಮೇಲಿನ ಫೋನು

ಸೋಮನಹಳ್ಳಿಯವರೊಬ್ಬರು ತಮ್ಮ ತಂದೆಯ ತಿಥಿಗೆ ನನ್ನಿಂದಲೇ ಕಾರ್ಡು ಮಾಡಿಸಿ ನೆಂಟರಿಗೆಲ್ಲ ಕಳಿಸಿದರು. ಮಾರನೇ ದಿನ ಆ ನೆಂಟರಲ್ಲೊಬ್ಬ ಪಕ್ಕದ ಮನೆಯ ಫೋನಿನಿಂದ ನನಗೆ ಫೋನು ಮಾಡಿದ.

"ಮೇಡಂ, ತಿಥಿ ಕಾಗ್ದ ಓದಿ ಅರ್ದು ಬಿಸಾಕ್ಬೇಕು, ಮನೆ ಒಳಿಕೆ ತರ್ಬಾರ್ದು ಅಂತಾಳೆ ನಮ್ಮಜ್ಜಿ. ಫೋನ್ನ ಅರಿಯಕ್ ಆಯ್ತದಾ? ಜಗಲಿ ಮೇಲೆ ಮಡಗವ್ಳೆ. ಅಲ್ಲೇ ಬಡ್ಕತಾ ಬಿದ್ದದೆ."

ಪಾಪ ಅನ್ನಿಸಿ, ತಿಥಿ ಕಾರ್ಡಿನ ಕೆಳಗೆ 'ಹರಿದು ಹಾಕಿ' ಅಂತ ಒಂದು ಗುಂಡಿ ಇಟ್ಟೆ. ಒತ್ತಿದರೆ ಕಾರ್ಡು ಪರ್ರನೆ ಎರಡು ಹೋಳಾಗಿ ಮಾಯ. ಅಜ್ಜಿ ತಾನೇ ಒತ್ತಿ, ಸಮಾಧಾನವಾಗಿ ಫೋನನ್ನು ಒಳಗೆ ಬಿಟ್ಟುಕೊಂಡಿತಂತೆ.

ಮದುವೆ ಕಾರ್ಡಿಗೂ ಆ ಗುಂಡಿ ಇಡಿ ಅಂತ ಕೇಳುವವರು ಈಗಲೂ ಇದ್ದಾರೆ. ವಿಚಾರಿಸಿದರೆ ಎಲ್ಲ ದಾಯಾದಿಗಳೇ.

ಮಾವ ಬಂದವ್ನೆ

ಮಳವಳ್ಳಿ ಕಡೆಯ ನನ್ನ ಸೋದರಮಾವನಿಗೆ ಎಲ್ಲರಿಗಿಂತ ಚೆಂದದ ಕಾರ್ಡು ಮಾಡಿದೆ. 'ಪ್ರೀತಿಯ ಸೋದರಮಾವನಿಗೆ, ನೀವು ಕೈ ಹಿಡಿದು ನಡೆಸದೆ ನಾನು ಮಂಟಪ ಹತ್ತುವುದಿಲ್ಲ' ಅಂತ ಬರೆದು ಕಳಿಸಿದೆ. ಮಾವ ನೋಡಿದ. ಉತ್ತರವಿಲ್ಲ. ಫೋನೂ ಎತ್ತಲಿಲ್ಲ. ಚಪ್ಪರದ ದಿನ ಹತ್ತಿರ ಬಂತು, ಅವ್ವ ಊಟ ಬಿಟ್ಟಳು.

ಕಡೆಗೊಂದು ಬೆಳಿಗ್ಗೆ ಉತ್ತರ ಬಂತು. ನನ್ನದೇ ವೆಬ್‌ಸೈಟಿನಲ್ಲಿ ಮಾಡಿಸಿದ ಕಾರ್ಡು. ಪೇಟ ಕಟ್ಟಿ ಮೀಸೆ ತಿರುವುತ್ತಿರುವ ಮಾವನ ಫೋಟೊ. ಕೆಳಗೆ: 'ಪ್ರೀತಿಯ ಸೊಸೆ, ಮಾವ ಬಂದವ್ನೆ. ಈ ಕಾರ್ಡೇ ನಿನ್ನ ಮಂಟಪಕ್ಕೆ ಕರ್ಕೊಂಡ್ ಓಯ್ತದೆ. ಊಟಕ್ಕೆ ಇದ್ಕೂ ಒಂದ್ ಎಲೆ ಆಕ್ಸು.'

ಅಪ್ಪ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು. ಅವ್ವನನ್ನು ಸ್ಕೂಟರಿಗೆ ಹತ್ತಿಸಿಕೊಂಡು, ಕುಂಕುಮದ ಬಟ್ಟಲು ಹಿಡಿದು ಅವನ ಮನೆಗೆ ಓಡಿದೆ.

ಮಾವ ಏನೂ ಅರಿಯದವನ ಹಾಗೆ ಕೂತಿದ್ದ. "ಏನವ್ವ, ಈ ಕಡೆ?"

"ಮದ್ವೆಗೆ ಕರೆಯಕ್ ಬಂದೆ ಮಾವ."

"ಅಂಗಾ? ಯಾರ್ ಮದ್ವೆ?"

ಅತ್ತೆಗೆ ತಡೆಯಲಾಗಲಿಲ್ಲ. "ಯಾರ್ ಮದ್ವೆ ಅಂತೆ. ನನ್ ಸೊಸೆ ಮಾಡಿರೋ ಕಾರ್ಡು ನೋಡ್ರಲಾ ಅಂತ ಊರೋರ್ಗೆಲ್ಲ ಕಳ್ಸವ್ರೆ ಕಣವ್ವ."

ಮಾವ ಹಣೆ ಮುಂದೆ ಮಾಡಿದ. ಕುಂಕುಮ ಇಟ್ಟೆ. ಸದ್ಯ, ಗೆದ್ದೆ ಅಂದುಕೊಂಡೆ.

ಮದುವೆ ದಿನ ಮಾವ ನನ್ನ ಕೈ ಹಿಡಿದು ಮಂಟಪಕ್ಕೆ ನಡೆಸುತ್ತಿದ್ದ. ಛತ್ರದ ಬಾಗಿಲಿಗೆ ಅವನ ಊರಿನಿಂದ ಒಂದು ಬಸ್ಸು ಬಂದು ನಿಂತಿತು. ಇಳಿದವರನ್ನು ನಮ್ಮಪ್ಪ ಕೈ ಮುಗಿದು, "ತಾವು ಯಾರ ಕಡೆಯವರು?" ಅಂತ ಕೇಳಿದರು. ಎಲ್ಲರೂ ಒಟ್ಟಿಗೆ ಫೋನು ಎತ್ತಿ ಕಾರ್ಡು ತೋರಿಸಿದರು. ಎಲ್ಲದರ ಮೇಲೂ ಒಂದೇ: 'ಪ್ರೀತಿಯ ಸೋದರಮಾವನಿಗೆ.'

ಒಬ್ಬ ಮಾವ ಬರುವುದಿಲ್ಲ ಅಂತ ಊಟ ಬಿಟ್ಟಿದ್ದ ಅವ್ವ, ಅವತ್ತು ಒಂದು ಬಸ್ಸು ಮಾವಂದಿರಿಗೆ ಎಲೆ ಹಾಕಿಸಿದಳು.