ಆಸ್ಪತ್ರೆ ರಸ್ತೆಯ ಸಂಚಾರ ಪರಿಶೀಲನೆ

ಯಾವುದೇ ಹೊಸ ಬಡಾವಣೆ ಕಟ್ಟುವ ಮುನ್ನ ಅದರಿಂದ ಸಂಚಾರದ ಮೇಲಾಗುವ ಪರಿಣಾಮವನ್ನು ಪರಿಶೀಲಿಸತಕ್ಕದ್ದು ಎಂಬುದು ನಮ್ಮ ನಗರಸಭೆಯ ನಿಯಮ. ನಿಯಮವೆಂದರೆ ನಮಗೆ ಪ್ರಾಣ. ಆದಕಾರಣ ಆಸ್ಪತ್ರೆ ರಸ್ತೆಯ ಹೊಸ ವಸತಿ ಕಟ್ಟಡಗಳು ನಾಲ್ಕನೇ ಮಹಡಿಗೆ ಬಂದ ಕೂಡಲೇ, ಒಂದು ಕ್ಷಣವೂ ತಡಮಾಡದೆ, ಪರಿಶೀಲನಾ ಸಮಿತಿ ನೇಮಕವಾಯಿತು. ಅದರ ಗುಮಾಸ್ತ ನಾನು. ನಡಾವಳಿ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ನಂಬುವುದೂ ನನ್ನ ಕೆಲಸವೇ.

ಸಮಿತಿಯ ಇಂಜಿನಿಯರ್ ಸಾಹೇಬರು ಅಪ್ಪಟ ವೈಜ್ಞಾನಿಕ ಮನುಷ್ಯ. ರಸ್ತೆಗೆ ಅಡ್ಡಲಾಗಿ ಬಿಳಿ ಗೆರೆ ಎಳೆಸಿ, ಪಕ್ಕದಲ್ಲಿ ಕುರ್ಚಿ ಹಾಕಿಸಿ, ಗೆರೆ ದಾಟಿದ ವಾಹನಗಳನ್ನು ಎಣಿಸಲು ಜವಾನನನ್ನು ಕೂರಿಸಿದರು. ಸಂಜೆ ಅವನು ಬೆವರು ಒರೆಸಿಕೊಳ್ಳುತ್ತಾ ಬಂದ.

"ಒಂದೇ ಬಸ್ಸು ಸಾರ್. ಅದೂ ಅರ್ಧ ದಾಟಿ ನಿಂತ್ಬಿಟ್ಟಿದೆ. ಅದರ ಹಿಂದೆ ಕಣ್ಣು ಹಾಯೋವರೆಗೂ..."

"ಹಿಂದಿನದು ಬೇಡಪ್ಪಾ. ಪೂರ್ತಿ ದಾಟಿದ್ದು ಹೇಳು."

"ಹಾಗಾದ್ರೆ ಏನೂ ಇಲ್ಲ ಸಾರ್."

ಸಾಹೇಬರ ಮುಖ ಅರಳಿತು. ಆಸ್ಪತ್ರೆ ರಸ್ತೆಯಲ್ಲಿ ವಾಹನ ಸಂಚಾರವೇ ಇಲ್ಲವೆಂದೂ, ರಸ್ತೆ ಬಿಕೋ ಎನ್ನುತ್ತಿದೆಯೆಂದೂ, ಇನ್ನೂ ಸಾವಿರಾರು ಸಂಸಾರ ಬಂದರೆ ಅದಕ್ಕೊಂದು ಕಳೆ ಬಂದೀತೆಂದೂ ವರದಿ ಸಿದ್ಧವಾಯಿತು.

ಆಕ್ಷೇಪಣೆ ಇದ್ದವರು ಖುದ್ದಾಗಿ ಬಂದು ಹೇಳಲೆಂದು ಸಭೆ ಕರೆದೆವು. ಆಕ್ಷೇಪಣೆ ಇದ್ದದ್ದು, ಹೇಳಲು ನಾಚಿಕೆ, ನನ್ನ ಒಡಹುಟ್ಟಿದ ಅಕ್ಕನಿಗೇ. ಅವಳು ಆಸ್ಪತ್ರೆಯಲ್ಲಿ ನರ್ಸು. ಮಗಳು ಏಳುವ ಮುಂಚೆ ಬಸ್ಸು ಹತ್ತುತ್ತಾಳೆ. ಬಸ್ಸು ಅವಳನ್ನು ಮನೆ ಮುಟ್ಟಿಸುವಷ್ಟರಲ್ಲಿ ಮಗಳು ಮಲಗಿರುತ್ತಾಳೆ. "ಒಂದನೇ ಕ್ಲಾಸಿನ ಮಗು ಕಣೋ. ಅದರ ಹಲ್ಲು ಬಿದ್ದಿದ್ದೂ ನನಗೆ ಗೊತ್ತಾಗಿದ್ದು ಭಾನುವಾರ," ಎಂದು ಅತ್ತಿದ್ದಳು. ನನ್ನ ಕರುಳು ಚುರುಕ್ ಎಂದಿತು. ಆದರೆ ಕರುಳು ಚುರುಕ್ ಎಂದದ್ದನ್ನು ನಡಾವಳಿಯಲ್ಲಿ ಬರೆಯಲು ಅವಕಾಶವಿಲ್ಲ.

ಸಭೆಯ ದಿನ ಫೋನು ಮಾಡಿದಳು. "ಬಸ್ಸಲ್ಲಿದೀನಿ ಕಣೋ. ನಿಮ್ಮ ಆಫೀಸಿನ ಕಿಟಕಿ ಕಾಣ್ತಿದೆ. ಇಳಿಯೋಣ ಅಂದ್ರೆ ಸ್ಟಾಪ್ ಬರೋವರೆಗೂ ಬಾಗಿಲು ತೆಗೆಯಲ್ವಂತೆ ಈ ಕಂಡಕ್ಟರ್. ಸ್ವಲ್ಪ ತಡೀರಿ ಅಂತ ಹೇಳೋ!"

ಅಧ್ಯಕ್ಷರಿಗೆ ಅರಿಕೆ ಮಾಡಿದೆ. ಅವರು ಕಿಟಕಿಯಾಚೆ ನೋಡಿ ಪ್ರೀತಿಯಿಂದ ಕೈ ಬೀಸಿದರು.

"ಬಸ್ಸಲ್ಲಿದಾರಾ? ಸಂತೋಷ. ಜನ ಬಸ್ಸನ್ನ ಧಾರಾಳವಾಗಿ ಬಳಸ್ತಿದಾರೆ ಅಂತ ಬರ್ಕೊಳ್ಳಿ."

ಬರೆದುಕೊಂಡೆ. ಆಕ್ಷೇಪಣೆ ಒಂದೂ ಬಾರದ ಕಾರಣ ಸಭೆ ಬೇಗ ಮುಗಿಯಿತು.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ತಕರಾರು ಬಂತು: ಗೆರೆ ದಾಟದೆ ನಿಂತಿರುವುದು ವಾಹನವಲ್ಲದಿದ್ದರೆ ಮತ್ತೇನು? ಸಾಹೇಬರು ನಿಯಮಾವಳಿ ತಿರುವಿ ಹಾಕಿದರು. ಚಲಿಸುವುದು ವಾಹನ. ಚಲಿಸದೆ, ಮೇಲೆ ಸೂರಿದ್ದು, ಬಾಗಿಲು ಕಿಟಕಿ ಇದ್ದು, ಒಳಗೆ ಜನ ದಿನದ ಹೆಚ್ಚು ಹೊತ್ತು ಕಳೆಯುವಂಥದ್ದು ಮನೆ. ಸಮಿತಿ ಚಪ್ಪಾಳೆ ತಟ್ಟಿತು. ವಸತಿ ಯೋಜನೆಯ ಗುರಿಗೆ ಕೊರತೆ ಬಿದ್ದಿದ್ದ ಮನೆಗಳೆಲ್ಲ ರಸ್ತೆಯ ಮೇಲೇ ಸಿಕ್ಕಿಬಿಟ್ಟವಲ್ಲ! ಮರುದಿನವೇ ಪ್ರಕಟಣೆ ಹೊರಟಿತು:

"ಆಸ್ಪತ್ರೆ ರಸ್ತೆಯಲ್ಲಿ ನಿಂತಿರುವ ಎಲ್ಲ ಬಸ್ಸುಗಳಿಗೂ ಮನೆ ನಂಬರು ಹಾಕಲಾಗುವುದು. ಚಾಲಕರನ್ನು ಮನೆಯ ಯಜಮಾನರೆಂದು ಪರಿಗಣಿಸಲಾಗುವುದು. ನಿವಾಸಿಗಳು ಹಾರನ್ ಹೊಡೆದು ನೆರೆಹೊರೆಯವರ ನೆಮ್ಮದಿ ಕೆಡಿಸಕೂಡದು."

ನಂಬರು ಬಿದ್ದ ಮೇಲೆ, ಮನೆಯ ಬಾಗಿಲಿಗೆ ಸ್ಟಾಪಿನ ಹಂಗಿಲ್ಲವೆಂದು ಕಂಡಕ್ಟರ್ ಬಾಗಿಲು ತೆಗೆದ. "ಕಾಲು ಒರೆಸ್ಕೊಂಡು ಒಳಗೆ ಬನ್ನಿ," ಎನ್ನುವಷ್ಟು ಬದಲಾದ. ಭಾವ ದಿನಾ ಸಂಜೆ ಮಗಳನ್ನು ಸೈಕಲ್ ಮೇಲೆ ಕರೆತಂದು ಬಸ್ಸಿಗೆ ಹತ್ತಿಸತೊಡಗಿದರು. ಆಸ್ಪತ್ರೆಯಿಂದ ನಡೆದು ಬರುವ ಅಕ್ಕ ತನ್ನ ಸೀಟಿನಲ್ಲಿ ಕೂತು ಅವಳಿಗೆ ಜಡೆ ಹಾಕುತ್ತಾಳೆ, ಮಗ್ಗಿ ಹೇಳಿಸುತ್ತಾಳೆ. "ಎಷ್ಟು ಮಾತಾಡ್ತಾಳೋ ಇವಳು! ನನಗೆ ಗೊತ್ತೇ ಇರಲಿಲ್ಲ," ಎಂದಳು ನನಗೆ. ಅವಳ ಕಣ್ಣು ತುಂಬಿತ್ತು. ಸಮಿತಿಯ ಸೇವೆ ಸಾರ್ಥಕವಾಯಿತೆಂದು ನನಗೂ ಅನ್ನಿಸಿತು.

ಎಲ್ಲ ಸುಸೂತ್ರವಾಗಿರುವಾಗ ಕಳೆದ ವಾರ ಒಂದು ಅಚಾತುರ್ಯ ನಡೆದುಹೋಯಿತು. ಮುಂದೆಲ್ಲೋ ಯಾರೋ ದಾರಿ ಬಿಟ್ಟರು. ಯಜಮಾನರು ಹಳೇ ಚಾಳಿಯಿಂದ ಗೇರು ಹಾಕಿಬಿಟ್ಟರು.

"ಅಯ್ಯೋ ಅಮ್ಮಾ, ನಮ್ಮನೆ ಹೋಗ್ತಿದೆ!" ಎಂದು ಮಗು ಕಿರುಚಿತು.

ಗಾಬರಿಯಲ್ಲಿ ಬ್ರೇಕ್ ಒತ್ತುವಷ್ಟರಲ್ಲಿ ಬಸ್ಸು ಬಿಳಿ ಗೆರೆಯನ್ನು ಪೂರ್ತಿ ದಾಟಿ ನಮ್ಮ ಕಚೇರಿಯ ಗೇಟಿನ ಮುಂದೆ ನಿಂತಿತ್ತು. ಅಕ್ಕ ಮಗಳ ಕೈ ಹಿಡಿದುಕೊಂಡು ದಡದಡ ಮೆಟ್ಟಿಲು ಹತ್ತಿ ಬಂದಳು.

"ಬಸ್ಸು ಹೀಗೆ ಓಡೋಕೆ ಶುರು ಮಾಡಿದ್ರೆ ನಾನು ಮಗಳ ಮುಖ ನೋಡೋದು ಯಾವಾಗ? ಹೇಳಿ ಸಾರ್!"

ಅಧ್ಯಕ್ಷರು ಎದ್ದು ನಿಂತು ಕ್ಷಮೆ ಕೇಳಿದರು. ಮುಂದೆ ಹೀಗಾಗದಂತೆ ನೋಡಿಕೊಳ್ಳುವುದಾಗಿ ಮಾತು ಕೊಟ್ಟರು. ಇಂಜಿನಿಯರ್ ಸಾಹೇಬರು ಆಗಿಂದಾಗಲೇ ಗೆರೆ ಅಳಿಸಿ, ಬಸ್ಸಿನ ಮುಂದಕ್ಕೆ ಹೊಸದು ಎಳೆಸಿದರು. ನಮ್ಮ ಪರಿಶೀಲನೆಗೆ ಖುದ್ದಾಗಿ ಬಂದ ಆಕ್ಷೇಪಣೆ ಅದೊಂದೇ. ಅದನ್ನು ಒಮ್ಮತದಿಂದ ಒಪ್ಪಿಕೊಂಡೆವು.